ಒಣ ತೊಟ್ಟಿಯ ನೀರು

ತೊಂದರೆ ಶುರುವಾದದ್ದು ಒಂದು ಖಾಲಿ ಬಾಟಲಿಯಿಂದ. ತಪಾಸಣೆಗೆ ಬಂದ ಅಧಿಕಾರಿ ಅದನ್ನು ಹೆಗಲ ಚೀಲದಿಂದ ತೆಗೆದು, ಮುಚ್ಚಳ ಬಿಚ್ಚಿ, ಒಳಗೆ ಒಮ್ಮೆ ಊದಿ, ತೊಟ್ಟಿಯಣ್ಣನ ಕೈಗಿಟ್ಟು ತುಂಬಿಸಿಕೊಂಡು ಬರಲು ಹೇಳಿದರು. ಇದು ಕೊನೆಯ ಸ್ಯಾಂಪಲ್ಲು. ಇದೊಂದು ಆಗಿಹೋದರೆ ತೊಟ್ಟಿಗೆ ಬೀಗ.

ತುಂಬಿಸಲು ನೀರಿರಲಿಲ್ಲ. ನೀರಿಲ್ಲ ಎನ್ನುವ ಕಾರಣಕ್ಕೇ ಅವರನ್ನು ಕರೆಸಿದ್ದು.

ತೊಟ್ಟಿಯಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದು ಸಂಬಳದ ದಿನ ಮಾತ್ರ ಕೆಲಸಕ್ಕೆ ಬರುತ್ತಿತ್ತು. ಉಳಿದಂತೆ ಕಾರ್ಖಾನೆಯ ಹಿತ್ತಲಿನ ಕೊಳೆನೀರಿನ ತೊಟ್ಟಿಯೇ ಅವನ ಹೆಸರು, ವಿಳಾಸ ಮತ್ತು ಮೈವಾಸನೆ. ಬಸ್ಸಿನಲ್ಲಿ ಅವನ ಪಕ್ಕದ ಸೀಟು ಯಾವಾಗಲೂ ಖಾಲಿಯಿರುತ್ತಿತ್ತು. ಅದೊಂದನ್ನು ಅವನು ಸುಖವೆಂದು ಲೆಕ್ಕ ಹಿಡಿದಿದ್ದ.

ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ಹೊಗೆ ತಿನ್ನುವ ಗುಂಡುಗಳು. ಪುಸ್ತಕದ ಮಾತಿನಲ್ಲಿ ವೇಗವರ್ಧಕ. ಬಟಾಣಿ ಗಾತ್ರದ ಬಿಳಿ ಗುಂಡು, ಅದರೊಳಗೆ ಕಣ್ಣಿಗೆ ಕಾಣದ ಅಸಂಖ್ಯ ತೂತು. ಆ ತೂತುಗಳ ಗೋಡೆಗೆ ತಾಮ್ರದ ಆಕ್ಸೈಡನ್ನು ತೆಳ್ಳಗೆ ಹತ್ತಿಸಿಬಿಟ್ಟರೆ, ಗುಂಡುಗಳು ಯಾರದೋ ಚಿಮಣಿಯಲ್ಲಿ ಕೂತು ಹೊಗೆಯೊಳಗಿನ ವಿಷವನ್ನು ಮುರಿದುಹಾಕುತ್ತವೆ. ಊರವರ ಗಾಳಿ ಚೊಕ್ಕಟ ಮಾಡುವ ಈ ಪುಣ್ಯಕಾರ್ಯದ ಕೊಳೆಯೆಲ್ಲ ತೊಟ್ಟಿಯಣ್ಣನ ಪಾಲಿಗೆ ಬರುತ್ತಿತ್ತು. ಗುಂಡುಗಳನ್ನು ತಾಮ್ರದ ಲವಣ ಕರಗಿಸಿದ ನೀಲಿ ನೀರಿನಲ್ಲಿ ಮುಳುಗಿಸುವುದು, ಎತ್ತುವುದು, ತೊಳೆಯುವುದು, ಮತ್ತೆ ತೊಳೆಯುವುದು. ಉಳಿದ ನೀರು ಕಾಲುವೆ ಹಿಡಿದು ಬಂದು ಅವನ ತೊಟ್ಟಿಗೆ ಬೀಳುವುದು. ಅವನು ಸುಣ್ಣ ಹಾಕಿ ಕಲಕಬೇಕು, ಗಸಿ ತಳಕ್ಕೆ ಕೂರುವ ತನಕ ಕಾಯಬೇಕು, ಆಮೇಲೆ ಮೊಣಕಾಲಿನವರೆಗೆ ಇಳಿದು ಗಸಿ ತೋಡಬೇಕು. ಅವನ ಉಗುರುಗಳು ನೀಲಿಯಾಗಿ, ಆಮೇಲೆ ಹಸಿರಾಗಿ, ಕೊನೆಗೆ ಯಾವ ಬಣ್ಣವೂ ಬೇಡವೆಂದು ಬೂದಿಯಾಗಿದ್ದವು.

ಬಣ್ಣವನ್ನು ಸಹಿಸಬಹುದಿತ್ತು. ತೇವ ಮಾತ್ರ ಎದೆಗಿಳಿದಿತ್ತು. ಅವನ ಕೆಮ್ಮು ಹಳೇ ಪಂಪ್‌ಸೆಟ್ಟಿನ ಹಾಗೆ, ಶುರುವಾಗಲು ತಡ, ನಿಲ್ಲಲು ಇನ್ನೂ ತಡ. ಡಾಕ್ಟರು ಎದೆಗೆ ಕೊಳವೆ ಒತ್ತಿ ಬಹಳ ಹೊತ್ತು ಕೇಳಿ, ಒಳಗೆ ಯಾರೋ ಒದ್ದೆ ಚಪ್ಪಲಿ ಹಾಕಿಕೊಂಡು ಓಡಾಡುತ್ತಿದ್ದಾರೆ ಎಂದಿದ್ದರು. ಇನ್ನೊಂದು ಚಳಿಗಾಲ ಆ ತೊಟ್ಟಿಯಲ್ಲಿ ಕಳೆದರೆ ಮುಂದಿನದನ್ನು ನೋಡುವುದು ಅನುಮಾನ ಎಂದೂ ಸೇರಿಸಿದ್ದರು. ಬೇರೆ ಕೆಲಸಕ್ಕೆ ಹಾಕಿ ಎಂದು ಮ್ಯಾನೇಜರನ್ನು ಕೇಳಿದರೆ, ತೊಟ್ಟಿ ಇರುವ ತನಕ ತೊಟ್ಟಿಗೆ ಒಬ್ಬ ಇರಲೇಬೇಕಲ್ಲ, ನಿನ್ನ ಬಿಟ್ಟರೆ ಯಾರಯ್ಯ ಇಳೀತಾರೆ ಎಂದು ಅವರು ಬಹಳ ಪ್ರೀತಿಯಿಂದ ಕೇಳುತ್ತಿದ್ದರು.

ಅಂಥದ್ದರಲ್ಲಿ ಲ್ಯಾಬ್ ಮೇಡಂ ನೀರನ್ನೇ ಇಲ್ಲವಾಗಿಸಿದರು. ಅವರು ವಯಸ್ಸಿನಲ್ಲಿ ಚಿಕ್ಕವರು, ನಗುವುದು ಕಡಿಮೆ, ಸುಳ್ಳು ಹೇಳುವುದು ಇನ್ನೂ ಕಡಿಮೆ. ಒಂದು ಗುಂಡು ಎಷ್ಟು ನೀರು ಕುಡಿಯಬಲ್ಲದು ಎಂದು ಅಳೆದರು. ಅಷ್ಟೇ ನೀರಿನಲ್ಲಿ ಲವಣ ಕರಗಿಸಿ, ತಿರುಗುವ ಡ್ರಮ್ಮಿನೊಳಗಿನ ಗುಂಡುಗಳ ಮೇಲೆ ಸಿಂಪಡಿಸಿದರು. ಗುಂಡುಗಳು ಹೊಟ್ಟೆ ತುಂಬ ಕುಡಿದವು, ಡ್ರಮ್ಮಿನ ತಳದಲ್ಲಿ ಒಂದು ಹನಿಯೂ ಉಳಿಯಲಿಲ್ಲ. ಮುಳುಗಿಸುವುದಿಲ್ಲ, ತೊಳೆಯುವುದಿಲ್ಲ. ಒಣಗಿಸಿ ಕುಲುಮೆಯಲ್ಲಿ ಸುಟ್ಟರೆ ಮುಗಿಯಿತು, ಲವಣ ಹೋಗಿ ಆಕ್ಸೈಡು ಗೋಡೆಗೆ ಅಂಟಿ ಕೂರುತ್ತದೆ. ವಾರ ಕಳೆಯುವುದರಲ್ಲಿ ತೊಟ್ಟಿ ಒಣಗಿತು. ತಳದ ನೀಲಿ ಗಸಿ ಬಿರುಕುಬಿಟ್ಟು, ಮುದುಕನ ಹಿಮ್ಮಡಿಯಂತಾಯಿತು. ತೊಟ್ಟಿಯಣ್ಣ ದಿನವೂ ಅಂಚಿನಲ್ಲಿ ಕೂತು ಅದನ್ನು ನೋಡಿ ಹಿಗ್ಗುತ್ತಿದ್ದ. ಜೀವನದಲ್ಲಿ ಒಣಗಿದ್ದೊಂದು ಅವನಿಗೆ ಅಷ್ಟು ಚೆಂದ ಕಂಡದ್ದು ಅದೇ ಮೊದಲು.

ತೊಟ್ಟಿ ಮುಚ್ಚಿದ ದಿನದಿಂದಲೇ ಅವನು ಕುಲುಮೆ ಮನೆಗೆ. ಮ್ಯಾನೇಜರು ಒಪ್ಪಿದ್ದರು. ಅಲ್ಲಿ ಬೆಚ್ಚಗೆ, ಒಣ ನೆಲ, ಕೂರಲು ಮರದ ಸ್ಟೂಲು. ಕಾವು ತೋರಿಸುವ ಮುಳ್ಳು ನೋಡುತ್ತ ಕೂರುವುದು, ಹೊತ್ತಿಗೆ ಸರಿಯಾಗಿ ಬಾಗಿಲು ತೆಗೆಯುವುದು, ಅಷ್ಟೇ. ಹೆಂಡತಿ ಈ ಸುದ್ದಿಯನ್ನು ಬೀದಿಯ ಕೊನೆಯ ಮನೆಯವರೆಗೂ ತಲುಪಿಸಿ, ಅವನಿಗೆ ಬಡ್ತಿಯಾಗಿದೆ ಎಂದು ತಾನೇ ಒಂದು ಮೆಟ್ಟಿಲು ಸೇರಿಸಿದ್ದಳು. ಆದರೆ ತೊಟ್ಟಿ ಮುಚ್ಚುವುದೆಂದರೆ ಅಂಗಡಿ ಮುಚ್ಚಿದ ಹಾಗಲ್ಲ. ಅಧಿಕಾರಿ ಬಂದು ನೋಡಿ ಸಹಿ ಹಾಕಬೇಕು. ಅವರು ಬಂದಿದ್ದರು. ಬಾಟಲಿಯನ್ನೂ ತಂದಿದ್ದರು.

"ಸಾರ್, ನೀರೇ ಇಲ್ಲವಲ್ಲ," ಎಂದ ತೊಟ್ಟಿಯಣ್ಣ.

ಅಧಿಕಾರಿ ಧೂಳಿನ ಬಣ್ಣದ ಮನುಷ್ಯ. ತಿಂಗಳುಗಟ್ಟಲೆ ನಿದ್ದೆ ಬಾಕಿ ಇರುವ ಮುಖ. ಅವರು ಬೇಸರವಿಲ್ಲದೆ, ಉತ್ಸಾಹವಿಲ್ಲದೆ ವಿವರಿಸಿದರು. ಕೊಳೆನೀರಿನ ತೊಟ್ಟಿ ಮುಚ್ಚಬೇಕಾದರೆ ಅದರ ಕೊನೆಯ ನೀರು ನಿರಪಾಯ ಎಂದು ಸಾಬೀತಾಗಬೇಕು. ನೀರೇ ಇಲ್ಲದಿದ್ದರೆ ಸಾಬೀತು ಮಾಡುವುದು ಯಾವುದನ್ನು? ನೀರಿಲ್ಲ ಎನ್ನುವ ಕಾರ್ಖಾನೆಗಳನ್ನು ಅವರು ಬಹಳ ನೋಡಿದ್ದಾರೆ. ಅವೆಲ್ಲ ರಾತ್ರೋರಾತ್ರಿ ಕೆರೆಗೆ ಬಿಟ್ಟವೇ. ಆದ್ದರಿಂದ ಬಾಟಲಿ ತುಂಬಿ ಬರಲಿ. ಅಷ್ಟರಲ್ಲಿ ತಾನು ಮ್ಯಾನೇಜರ ಕೋಣೆಯಲ್ಲಿ ಚಹಾ ಕುಡಿದಿರುತ್ತೇನೆ ಎಂದರು.

ಮ್ಯಾನೇಜರು ಅಧಿಕಾರಿಯ ಬೆನ್ನ ಹಿಂದಿನಿಂದ ಕಣ್ಣು, ಹುಬ್ಬು, ಗದ್ದ ಎಲ್ಲವನ್ನೂ ಬಳಸಿ ಒಂದೇ ಮಾತು ಹೇಳಿದರು: ಏನಾದರೂ ಮಾಡಿ ತುಂಬಿಸು.

ಬಾಟಲಿ ಹಿಡಿದು ಹಿತ್ತಲಿಗೆ ಬಂದವನನ್ನು ಮೊದಲು ನೋಡಿದವಳು ಕ್ಯಾಂಟೀನ್ ಅಕ್ಕ. ಯಾರಾದರೂ ಕಷ್ಟದಲ್ಲಿದ್ದರೆ ಅವಳಿಗೆ ಗೋಡೆಯಾಚೆಯಿಂದಲೂ ವಾಸನೆ ಬಡಿಯುತ್ತಿತ್ತು. ಅವಳ ಹಿಂದೆ ಸ್ಟೋರಿನವರು ಬಂದರು, ಅವರ ಹಿಂದೆ ಗೇಟು ಬಿಟ್ಟು ವಾಚ್‌ಮನ್ ತಾತ. ಮೂವರೂ ಬಾಟಲಿಯ ಸುತ್ತ, ಸತ್ತವರ ಮನೆಯಲ್ಲಿ ನಿಲ್ಲುವಂತೆ ತಲೆ ತಗ್ಗಿಸಿ ನಿಂತರು.

ನಲ್ಲಿ ನೀರು ತುಂಬಿಸಿ ಕೊಟ್ಟರಾಯಿತು ಎಂದರು ತಾತ. ಸ್ಟೋರಿನವರು ತಲೆ ಅಲ್ಲಾಡಿಸಿದರು. ಅವರು ಇಂಥ ತಪಾಸಣೆಗಳನ್ನು ಕಂಡವರು. ನೀರು ಅತಿ ಶುದ್ಧವಾಗಿದ್ದರೆ ಕೊಳೆ ಮುಚ್ಚಿಡಲು ನಲ್ಲಿ ನೀರು ಬೆರೆಸಿದ್ದಾರೆ ಎಂದು ಹಿಡಿಯುತ್ತಾರೆ, ಅದಕ್ಕೆ ಬೇರೆಯೇ ದಂಡ. ಅತಿ ಕೊಳೆಯಾಗಿದ್ದರೆ ತೊಟ್ಟಿ ಮುಚ್ಚಲು ಬಿಡುವುದಿಲ್ಲ. ಮರ್ಯಾದಸ್ಥರ ಕೊಳೆ ಬೇಕು, ಹದವಾದ ಕೊಳೆ.

"ಹದ ನಂಗೆ ಬಿಡಿ," ಎಂದಳು ಕ್ಯಾಂಟೀನ್ ಅಕ್ಕ.

ಆಮೇಲೆ ನಡೆದದ್ದು ಅಡುಗೆಯ ಹಾಗಿತ್ತು. ಅಕ್ಕ ಪಾತ್ರೆ ತೊಳೆದ ನೀರು ತಂದಳು, ಅದರಲ್ಲಿ ಬ್ರೆಡ್ಡಿನ ಚೂರುಗಳು ತೇಲುತ್ತಿದ್ದವು. ತಾತ ಗೇಟಿನ ಬಳಿಯ ಹಳೇ ಡ್ರಮ್ಮಿನಿಂದ ಮಳೆನೀರು ತಂದರು, ಅದರಲ್ಲಿ ಏನೋ ಈಜುತ್ತಿತ್ತು. ಸ್ಟೋರಿನವರು ಹೂಕುಂಡದ ಮಣ್ಣನ್ನು ಚಿಟಿಕೆಯಲ್ಲಿ ಹಿಡಿದು, ಸಾಕೋ ಇನ್ನೂ ಬೇಕೋ ಎಂದು ಎಲ್ಲರ ಮುಖ ನೋಡಿದರು. ತೊಟ್ಟಿಯಣ್ಣ ಬಾಟಲಿಯನ್ನು ಬೆಳಕಿಗೆ ಹಿಡಿದ. ಇಷ್ಟು ವರ್ಷ ನೀರಿನಿಂದ ಕೊಳೆ ತೆಗೆದವನು ಮೊದಲ ಸಲ ನೀರಿಗೆ ಕೊಳೆ ಹಾಕುತ್ತಿದ್ದ. ತೆಗೆಯುವುದಕ್ಕಿಂತ ಇದು ಎಷ್ಟು ಸಲೀಸು ಎಂದು ಅವನಿಗೆ ಗಾಬರಿಯಾಯಿತು. ಮೂವರೂ ಒಪ್ಪಿದ ಮೇಲೆ ಆ ನೀರನ್ನು ತೊಟ್ಟಿಯ ಮೂಲೆಗೆ ಸುರಿದು, ಅಲ್ಲಿಂದಲೇ ಬಾಟಲಿಗೆ ತುಂಬಿಸಿದ. ತೊಟ್ಟಿಯದೇ ನೀರು ಎಂದು ಹೇಳುವಾಗ ನಾಲಿಗೆ ತೊದಲಬಾರದಲ್ಲ.

ಮ್ಯಾನೇಜರ ಕೋಣೆಯಲ್ಲಿ ಅಧಿಕಾರಿ ಬಾಟಲಿ ಮೂಸಿ, ನಿಟ್ಟುಸಿರು ಬಿಟ್ಟು, ಚೀಲದೊಳಗಿಂದ ಗಾಜಿನ ಭರಣಿಯೊಂದನ್ನು ಹೊರತೆಗೆದರು. ಅದರಲ್ಲಿ ಒಂದು ಮೀನಿತ್ತು. ಬೆರಳುದ್ದದ, ಬಣ್ಣಗೆಟ್ಟ, ಬದುಕಿನಲ್ಲಿ ಯಾವ ನಿರೀಕ್ಷೆಯೂ ಉಳಿದಿಲ್ಲದ ಮೀನು.

ಅದು ಇಲಾಖೆಯ ಮೀನು. ಬಣ್ಣ ಬದಲಾಗುವ ಪಟ್ಟಿ, ಯಂತ್ರ ಎಲ್ಲ ಬಂದಿದೆಯಂತೆ, ಅಧಿಕಾರಿಗೆ ನಂಬಿಕೆಯಿಲ್ಲ. ಮೀನು ಸುಳ್ಳು ಹೇಳುವುದಿಲ್ಲ. ಸ್ಯಾಂಪಲ್ಲನ್ನು ಬಟ್ಟಲಿಗೆ ಸುರಿದು ಅದರಲ್ಲಿ ಮೀನು ಬಿಡುವುದು. ಎರಡನೇ ಚಹಾ ಮುಗಿಯುವ ತನಕ ಬದುಕಿದ್ದರೆ ನೀರು ನಿರಪಾಯ. ಸತ್ತರೆ ಕಾರ್ಖಾನೆಯ ಮೇಲೆ ಕೇಸು. ಜೊತೆಗೆ ಮೀನು ಯಾಕೆ ಸತ್ತಿತು ಎಂದು ಮೇಲಿನವರಿಗೆ ತಾವು ವಿವರಣೆ ಕೊಡಬೇಕು, ಅದು ಕೇಸಿಗಿಂತ ಕಷ್ಟ. ಹಿಂದಿನ ಮೀನಿನ ವಿವರಣೆಯೇ ಇನ್ನೂ ಮುಗಿದಿಲ್ಲ ಎಂದರು.

ಮೀನನ್ನು ಬಿಟ್ಟರು. ಅದು ಕಲ್ಲಿನ ಹಾಗೆ ತಳಕ್ಕಿಳಿಯಿತು.

ಬಾಗಿಲ ಸಂದಿಯಲ್ಲಿ ಒಂದರ ಮೇಲೊಂದು ಪೇರಿಸಿದ ಹಾಗೆ ಅಕ್ಕ, ಸ್ಟೋರಿನವರು, ತಾತ ಇಣುಕುತ್ತಿದ್ದರು. ಮೀನು ಮೆಲ್ಲಗೆ ಮಗ್ಗುಲಾಯಿತು. ತೊಟ್ಟಿಯಣ್ಣನ ಎದೆಯೊಳಗಿನ ಒದ್ದೆ ಚಪ್ಪಲಿಯವನು ಓಡತೊಡಗಿದ. ಪಾತ್ರೆಯ ಸೋಪಿರಬೇಕು, ಹಾಳಾದ ಸೋಪು.

ಅದೇ ಹೊತ್ತಿಗೆ ಲ್ಯಾಬ್ ಮೇಡಂ ಒಳಗೆ ಬಂದರು. ಬಟ್ಟಲು ನೋಡಿದರು, ಮೀನು ನೋಡಿದರು, ಬಟ್ಟಲ ಪಕ್ಕದಲ್ಲಿದ್ದ ಬಾಟಲಿಯ ಮೇಲೆ 'ತೊಟ್ಟಿ ನೀರು' ಎಂದು ಅಂಟಿಸಿದ್ದ ಚೀಟಿ ನೋಡಿದರು. ಅವರ ಮುಖ ಬಿಳಿ ಗುಂಡಿನ ಹಾಗಾಯಿತು. ಎಷ್ಟೋ ರಾತ್ರಿ ನಿದ್ದೆಗೆಟ್ಟು ಒಂದು ಹನಿಯೂ ಉಳಿಯದ ಹಾಗೆ ಮಾಡಿದವರ ಎದುರಿಗೆ ಅರ್ಧ ಬಟ್ಟಲು ಕೊಳೆನೀರು ಕುಳಿತಿತ್ತು.

"ತೊಟ್ಟಿಗೆ ನೀರು ಎಲ್ಲಿಂದ ಬಂತು?" ಎಂದು ಅವರು ಮೆಲ್ಲನೆ ತೊಟ್ಟಿಯಣ್ಣನನ್ನು ಕೇಳಿದರು.

ಅವನು ಉತ್ತರಕ್ಕೆ ಬಾಯಿ ತೆರೆದ. ಬಂದದ್ದು ಕೆಮ್ಮು. ನಾಟಕದ ಕೆಮ್ಮಲ್ಲ, ಸೊಂಟದಿಂದ ಎದ್ದು ಬಂದು ಮನುಷ್ಯನನ್ನು ಎರಡಾಗಿ ಮಡಚುವ ಕೆಮ್ಮು. ಮೇಜಿನ ಅಂಚು ಹಿಡಿದುಕೊಂಡ. ಮೇಜು ನಡುಗಿತು, ಬಟ್ಟಲು ನಡುಗಿತು. ಮೇಡಂ ಅವನನ್ನೇ ನೋಡುತ್ತ ನಿಂತರು. ಒಂದು ಮಾತು ಅವರ ತುಟಿಯವರೆಗೆ ಬಂದದ್ದು ಎಲ್ಲರಿಗೂ ಕಂಡಿತು. ಅದನ್ನು ಅವರು ಕಹಿ ಮಾತ್ರೆಯಂತೆ ನುಂಗಿದ್ದೂ ಕಂಡಿತು. ಆಮೇಲೆ ಕಿಟಕಿಯ ಕಡೆ ತಿರುಗಿ ನಿಂತರು.

ಬಟ್ಟಲು ನಡುಗಿದ್ದಕ್ಕೋ ಏನೋ, ತಳದಲ್ಲಿದ್ದ ಬ್ರೆಡ್ಡಿನ ಚೂರೊಂದು ಮೇಲೆದ್ದು ಮೀನಿನ ಮೂತಿಗೆ ತಾಗಿತು. ಮೀನು ಬಾಯಿ ತೆರೆಯಿತು. ಚೂರು ಒಳಗೆ ಹೋಯಿತು. ಮೀನು ನೆಟ್ಟಗಾಯಿತು, ಇನ್ನೊಂದು ಚೂರು ಹುಡುಕಿತು, ತಾತನ ಡ್ರಮ್ಮಿನಿಂದ ಬಂದ ಈಜುವ ಪ್ರಾಣಿಯನ್ನು ಅಟ್ಟಿಸಿಕೊಂಡು ಹೋಗಿ ನುಂಗಿತು, ಬಾಲ ಬಡಿದು ಸುತ್ತತೊಡಗಿತು. ಇಲಾಖೆ ಅದಕ್ಕೆ ಎಷ್ಟು ದಿನದಿಂದ ಊಟ ಹಾಕಿರಲಿಲ್ಲವೋ.

ಅಧಿಕಾರಿ ಚಹಾದ ಲೋಟ ಕೆಳಗಿಟ್ಟರು. ಅವರ ಕಣ್ಣಂಚು ಒದ್ದೆಯಾಗಿತ್ತು. ತಮ್ಮ ಸರ್ವಿಸಿನಲ್ಲಿ ಯಾವ ಕಾರ್ಖಾನೆಯ ನೀರಿನಲ್ಲೂ ಮೀನು ಬಾಲ ಆಡಿಸಿದ್ದನ್ನು ಕಂಡಿಲ್ಲ ಎಂದರು. ಇದು ಕೊಳೆನೀರಲ್ಲ, ಇದು ನೀರು. ಕೊಳೆನೀರು ಇಲ್ಲವೆಂದಮೇಲೆ ಕೊಳೆನೀರಿನ ತೊಟ್ಟಿಯೂ ಬೇಡ. ಹಾಗೆನ್ನುತ್ತ ಅಲ್ಲೇ ಸಹಿ ಹಾಕಿದರು. ತೊಟ್ಟಿ ಮುಚ್ಚಿದೆ, ಆ ಹುದ್ದೆ ರದ್ದಾಗಿದೆ, ಅದರಲ್ಲಿದ್ದವನು ಇಂದಿನಿಂದಲೇ ಕುಲುಮೆಗೆ ಸೇರಿದವನು.

ತೊಟ್ಟಿಯಣ್ಣನಿಗೆ ಆ ಕ್ಷಣ ಅಧಿಕಾರಿಯ ಕಾಲಿಗೆ ಬೀಳಬೇಕೆನಿಸಿತು. ಮೀನಿಗೆ ಕಾಲಿದ್ದರೆ ಮೊದಲು ಅದಕ್ಕೆ. ಸಂತೋಷ ಅಭ್ಯಾಸವಿಲ್ಲದವನಿಗೆ ಅದನ್ನು ಎಲ್ಲಿಡಬೇಕೆಂದು ತೋಚುವುದಿಲ್ಲ. ಗೇಟಿನವರೆಗೆ ಬೀಳ್ಕೊಡಲು ಹೊರಟಾಗ ಅವನು ಅಧಿಕಾರಿಯ ಪಕ್ಕಕ್ಕೆ ಬಂದು, ಮದುವೆಗೆ ಕರೆಯುವವನಂತೆ ನಾಚಿ ಹೇಳಿದ:

"ಸಾರ್, ನಾನು ಇನ್ಮೇಲೆ ಕೂರೋ ಜಾಗ ಒಂದ್ಸಲ ನೋಡಿ ಹೋಗಿ."

ಮ್ಯಾನೇಜರು ಅವನ ಪಾದ ತುಳಿದರು. ಜೋರಾಗಿಯೇ ತುಳಿದರು. ತೊಟ್ಟಿಯಣ್ಣ ಗಂಬೂಟು ಹಾಕಿದ್ದರಿಂದ ಅದು ಒಳಗೆ ತಲುಪಲಿಲ್ಲ. ಕುಲುಮೆ ನೋಡಲು ಏನಿದೆ ಸಾರ್, ಬರೀ ಸೆಕೆ ಎಂದು ಅವರು ನಕ್ಕರು. ಅಧಿಕಾರಿಗೆ ಊಟಕ್ಕೆ ಇನ್ನೂ ಹೊತ್ತಿತ್ತು. ಬಹಳ ದಿನದ ಮೇಲೆ ಅವರ ಮನಸ್ಸೂ ಹಗುರವಾಗಿತ್ತು. ಬಂದರು.

ತೊಟ್ಟಿಯಣ್ಣ ಸ್ಟೂಲು ತೋರಿಸಿದ. ಒಣ ನೆಲ ತೋರಿಸಿದ, ಬಗ್ಗಿ ಅಂಗೈಯಿಂದ ಮುಟ್ಟಿಯೂ ತೋರಿಸಿದ. ಮುಳ್ಳು ತೋರಿಸಿದ. ಆಮೇಲೆ ಹೊರಗೆ ಕರೆತಂದು, ಎಷ್ಟು ಎತ್ತರ ನೋಡಿ ಸಾರ್ ಎಂದು ಚಿಮಣಿ ತೋರಿಸಿದ. ಇಷ್ಟು ವರ್ಷ ಕೆಳಗೆ ನೋಡಿಯೇ ಬದುಕಿದವನು. ಚಿಮಣಿಯ ತುದಿಯನ್ನು ಅವನೂ ಆವತ್ತೇ ಮೊದಲು ಸರಿಯಾಗಿ ನೋಡಿದ್ದು.

ತುದಿಯಿಂದ ಕಂದು ಬಣ್ಣದ ಹೊಗೆ ಏಳುತ್ತಿತ್ತು. ತುಕ್ಕು ಹಿಡಿದ ಆಕಾಶ ಉದುರುತ್ತಿದ್ದ ಹಾಗೆ.

ಅದೇನು ಎಂದು ಅಧಿಕಾರಿ ಕೇಳಿದರು. ಮ್ಯಾನೇಜರು ಬಿಸಿಲಿನ ಬಣ್ಣ ಎಂದರು, ಮೋಡ ಮುಚ್ಚಿತ್ತು. ಸ್ಟೋರಿನವರು ಚಿಮಣಿಯ ಹಳೇ ಪೇಂಟು ಎಂದರು. ತಾತ, ನಮ್ಮ ಕಡೆ ಗಾಳಿಯೇ ಹಾಗೆ ಎಂದರು. ಅಧಿಕಾರಿ ಮೇಡಂ ಕಡೆ ತಿರುಗಿದರು. ಮೇಡಂ ಒಂದು ದಿನಕ್ಕೆ ಒಂದೇ ಸುಳ್ಳು ತಾಳಿಕೊಳ್ಳಬಲ್ಲವರು, ಅದನ್ನು ಆಗಲೇ ಖರ್ಚು ಮಾಡಿದ್ದರು.

"ಲವಣದಲ್ಲಿ ತಾಮ್ರದ ಜೊತೆ ನೈಟ್ರೇಟ್ ಇರುತ್ತೆ. ಸುಟ್ಟಾಗ ತಾಮ್ರ ಗುಂಡಲ್ಲಿ ಉಳಿಯುತ್ತೆ, ನೈಟ್ರೇಟ್ ಹೊಗೆಯಾಗಿ ಹೋಗುತ್ತೆ. ಮೊದಲು ಮುಕ್ಕಾಲು ಪಾಲು ತೊಳೆಯೋ ನೀರಲ್ಲಿ ಹೋಗ್ತಿತ್ತು. ಈಗ ಎಲ್ಲಾ ಮೇಲೆ."

ಸ್ವಲ್ಪ ಹೊತ್ತು ಎಲ್ಲರೂ ಮೇಲೆ ನೋಡಿದರು. ಅಧಿಕಾರಿಯ ಮುಖದ ಹಗುರ ಇಳಿದು, ಹಳೆಯ ಧೂಳು ವಾಪಸ್ಸು ಬಂತು. ನೀವು ಮಾಡುವುದೇ ಹೊಗೆ ತಿನ್ನುವ ಗುಂಡು, ನಿಮ್ಮ ಚಿಮಣಿಗೇ ನಾಲ್ಕು ಹಾಕಿಕೊಳ್ಳಬಾರದೇ ಎಂದು ಕೇಳಿದರು. ಮೇಡಂ ತಾನು ಕೇಳುತ್ತಲೇ ಬಂದಿದ್ದೇನೆ ಎಂದರು. ಮ್ಯಾನೇಜರು ತಯಾರಾದದ್ದೆಲ್ಲ ಗಿರಾಕಿಗಳಿಗೇ ಸಾಲುತ್ತಿಲ್ಲ ಎಂದು ಗೊಣಗಿ, ಮರುಕ್ಷಣವೇ ಈಗಲೇ ಒಂದು ಮೂಟೆ ಹಾಕಿಸುತ್ತೇನೆ ಎಂದರು.

ಹಾಕುವ ಹಾಗಿಲ್ಲ ಎಂದರು ಅಧಿಕಾರಿ. ಈ ಬಗೆಯ ಹೊಗೆಗೆ ಈ ಗುಂಡು ಆಗುತ್ತದೆ ಎಂದು ಅವರ ಕಚೇರಿ ಇನ್ನೂ ಒಪ್ಪಿಲ್ಲ. ಗಿರಾಕಿಗಳದು ಬೇರೆ ಹೊಗೆ. ಒಪ್ಪಿಗೆಗೆ ಅರ್ಜಿ ಹಾಕಬಹುದು, ವರ್ಷಗಳು ಹಿಡಿಯುತ್ತವೆ, ತಾವು ನಿವೃತ್ತರಾಗುವಷ್ಟರಲ್ಲಿ ಆದರೂ ಆದೀತು. ಅಲ್ಲಿಯವರೆಗೆ ಕಾನೂನು ಒಪ್ಪಿದ ದಾರಿ ಒಂದೇ, ಚಿಮಣಿಯೊಳಗೆ ನೀರು ಸಿಂಪಡಿಸಿ ಹೊಗೆಯನ್ನು ತೊಳೆಯುವುದು. ಇವತ್ತೇ ಶುರು ಮಾಡದಿದ್ದರೆ ಕುಲುಮೆಗೆ ಬೀಗ.

"ತೊಳೆದ ನೀರು ಎಲ್ಲಿಗೆ ಬಿಡ್ತೀರಿ?" ಎಂದು ಕೇಳಿದರು.

ಒಬ್ಬೊಬ್ಬರಾಗಿ ಎಲ್ಲರೂ ತೊಟ್ಟಿಯಣ್ಣನ ಕಡೆ ತಿರುಗಿದರು. ಅವನು ತನ್ನ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ನೋಡಿದ. ಗೋಡೆಯಿತ್ತು.

ತೊಟ್ಟಿಯಣ್ಣ ಕೊನೆಯ ಪ್ರಯತ್ನ ಮಾಡಿದ. ತೊಟ್ಟಿ ಮುಚ್ಚಿದೆ, ತಾವೇ ಸಹಿ ಹಾಕಿದ್ದೀರಿ ಎಂದು ನೆನಪಿಸಿದ. ಅದನ್ನು ತಾನೆಂದೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಅಧಿಕಾರಿ ಭರವಸೆ ಕೊಟ್ಟರು. ಹಳೇ ತೊಟ್ಟಿ ಶಾಶ್ವತವಾಗಿ ಮುಚ್ಚಿದೆ. ಅದೇ ಗುಂಡಿಯನ್ನು ಹೊಸ ತೊಟ್ಟಿ ಎಂದು ತೆರೆಯಬಹುದು. ಮ್ಯಾನೇಜರ ಮುಖ ಅರಳಿತು. ಹಾಗಾದರೆ ತೊಟ್ಟಿಯವನ ಹುದ್ದೆ ರದ್ದಾದದ್ದು ರದ್ದೇ ಅಲ್ಲವೇ, ಹೊಸಬರನ್ನು ತೆಗೆದುಕೊಳ್ಳುವ ಪ್ರಶ್ನೆ ಬರುವುದಿಲ್ಲವಲ್ಲ ಎಂದು ಖಚಿತ ಮಾಡಿಕೊಂಡರು. ಆಮೇಲೆ ತೊಟ್ಟಿಯಣ್ಣನ ಹೆಗಲ ಮೇಲೆ ಕೈಯಿಟ್ಟರು.

"ನೀನೀಗ ಕುಲುಮೆಯವನಯ್ಯ, ಮಾತು ಕೊಟ್ಟ ಹಾಗೇ ಮಾಡಿದೀನಿ. ಬಾಗಿಲು ತೆಗೆಯೋದು, ಮುಚ್ಚೋದು ನೋಡ್ಕೋ. ನಡುವೆ ಬಿಡುವಿರುತ್ತಲ್ಲ, ಆಗ ಹೋಗಿ ತೊಟ್ಟಿಗೆ ಇಳಿದು ಬಾ."

ಅಧಿಕಾರಿ ಭರಣಿಯನ್ನು ಎದೆಗೊತ್ತಿಕೊಂಡು ಹೊರಟುಹೋದರು. ಮಧ್ಯಾಹ್ನವೇ ಚಿಮಣಿಗೆ ರಬ್ಬರ್ ಪೈಪು ಏರಿತು. ಕುಲುಮೆಯ ಬಾಗಿಲು ತೆಗೆದಾಗ ತೊಟ್ಟಿಯಣ್ಣನ ಮುಖದ ಮೇಲೆ ಬೆಂಕಿ ಬಡಿಯಿತು, ಅಂಗಿ ಬೆವರಿನಿಂದ ಮೈಗಂಟಿತು. ಅದೇ ಒದ್ದೆ ಅಂಗಿಯಲ್ಲಿ ಹಿತ್ತಲಿಗೆ ಓಡಿದ, ಹಳದಿ ನೀರು ಆಗಲೇ ಬಿರುಕುಗಳನ್ನು ತುಂಬುತ್ತಿತ್ತು. ಈ ನೀರು ಮೊದಲಿನ ಹಾಗಲ್ಲ, ಹುಳಿ, ಮೂಗು ಕೊರೆಯುವ ಹುಳಿ. ಸುಣ್ಣ ಹಾಕಿದರೆ ಬುಸುಗುಟ್ಟಿತು. ಒಂದಿಷ್ಟು ಕಲಕುವುದರಲ್ಲಿ ಕುಲುಮೆಯ ಗಂಟೆ ಬಾರಿಸಿತು. ಮತ್ತೆ ಬೆಂಕಿಗೆ ಓಡಿದ. ಮತ್ತೆ ನೀರಿಗೆ. ಸಂಜೆಯ ಹೊತ್ತಿಗೆ ಅವನ ಕೆಮ್ಮಿಗೆ ಎರಡು ದನಿ ಬಂದಿತ್ತು, ಒಂದು ಒದ್ದೆ, ಒಂದು ಒಣಕಲು.

ಕ್ಯಾಂಟೀನ್ ಅಕ್ಕ ದೂರದಿಂದ ನೋಡಿ ಒಳಗೆ ಹೋದಳು.

ಶಿಫ್ಟು ಮುಗಿಯುವ ಮುನ್ನ ಮೇಡಂ ಬಂದು ತೊಟ್ಟಿಯ ಅಂಚಿನಲ್ಲಿ ಕೂತರು. ಆಮೇಲೆ, ಯಾರಿಗೂ ಅಲ್ಲ ಎಂಬಂತೆ, ನೈಟ್ರೇಟ್ ಇಲ್ಲದ ಬೇರೆ ಲವಣ ಹುಡುಕಬಹುದು, ಹೊಗೆಯೇ ಏಳದ ಹಾಗೆ ಮಾಡಬಹುದು ಎಂದರು. ಹಾಗೆನ್ನುವಾಗ ಅವರ ಕಣ್ಣಿನಲ್ಲಿ ಹಳೆಯ ಹೊಳಪು ಬಂತು.

"ಸ್ವಲ್ಪ ತಡ್ಕೊಳ್ಳಿ ಅಣ್ಣ. ಈ ನೀರನ್ನೂ ಇಲ್ಲದ ಹಾಗೆ ಮಾಡ್ತೀನಿ."

ತೊಟ್ಟಿಯಣ್ಣ ಮೊಣಕಾಲುದ್ದ ನೀರಿನಲ್ಲಿ ನಿಂತು, ಕೋಲು ಎದೆಗೊರಗಿಸಿ, ಎರಡು ಕೈಯನ್ನೂ ಜೋಡಿಸಿದ.

"ದಮ್ಮಯ್ಯ ಬೇಡಿ ಮೇಡಂ. ನೀವು ಒಂದು ಕೆಲಸ ಇಲ್ಲದ ಹಾಗೆ ಮಾಡಿದ್ದಕ್ಕೆ ನಂಗೆ ಎರಡಾಗಿದೆ. ಮೂರನೇದು ಈ ಎದೆಗೆ ತಡೆಯೋದಿಲ್ಲ."

ಕುಲುಮೆಯ ಗಂಟೆ ಮತ್ತೆ ಬಾರಿಸಿತು. ಅವನು ಕೋಲನ್ನು ಮೇಡಂ ಕೈಗೆ ಕೊಟ್ಟು, ಕಲಕುತ್ತಿರಿ ಎಂದು ಹೇಳಿ, ಓಡಿದ.